ಯಾಕಮ್ಮನ ಅಳತೆ

ಜೂನ್ ೧೪

ಅತ್ತೆಗೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೂ ಫೋನಿಗೂ ಈಗೀಗ ಎಣ್ಣೆ ಸೀಗೆಕಾಯಿ. ಹೋದ ವಾರ ಕಾಲು ಗಂಟೆ ನನ್ನ ಕಷ್ಟವನ್ನೆಲ್ಲ ತೋಡಿಕೊಂಡೆ. ಎಲ್ಲದಕ್ಕೂ "ಹೂಂ, ಹೂಂ" ಎಂದ ನೀನು ಕೊನೆಗೆ "ಅದಿರ್ಲಿ, ಯಾರು ಮಾತಾಡ್ತಿರೋದು?" ಎಂದು ಕೇಳಿದೆ. ನಿನ್ನ ಜೊತೆ ಮನೆ ಹಂಚಿಕೊಂಡಿರುವ ಹೊಲಿಗೆ ಟೀಚರ್ ಪಕ್ಕದಲ್ಲಿ ನಗುತ್ತಿದ್ದದ್ದು ನನಗೂ ಕೇಳಿಸಿತು. ಅದಕ್ಕೇ ಕಾಗದ.

ಕೆಲಸಕ್ಕೆ ಸೇರಿ ಹನ್ನೆರಡು ದಿನವಾಯಿತು. ನಾಲ್ಕನೇ ತರಗತಿ ಕೊಟ್ಟಿದ್ದಾರೆ. ಮೂವತ್ತೆಂಟು ಮಕ್ಕಳು, ಮೇಲಿನ ಮಹಡಿಯ ಕೊನೆಯ ಕೋಣೆ. ಕಿಟಕಿಗೆ ಒಂದೇ ಬಾಗಿಲು, ಇನ್ನೊಂದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕೂತು ಹೋಗುತ್ತದೆ, ಮಕ್ಕಳ ಗಂಟಲು ಏಳುತ್ತದೆ.

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಹೆಡ್ ಮೇಡಂ ಒಂದು ಆರ್ಡರ್ ಹೊರಡಿಸಿದ್ದಾರೆ. ಈ ವರ್ಷ ಸೇರಿದ ಹೊಸ ಟೀಚರುಗಳೆಲ್ಲ ತಂತಮ್ಮ ಮಕ್ಕಳಿಂದ ಒಂದೊಂದು ಸಂಶೋಧನೆ ಮಾಡಿಸಬೇಕಂತೆ. ನವೆಂಬರಿನಲ್ಲಿ ಪ್ರದರ್ಶನ, ಸುತ್ತಮುತ್ತಲ ಶಾಲೆಗಳ ಹೊಸ ಟೀಚರುಗಳೂ ಬರುತ್ತಾರೆ. ನಾವು ಐವರು ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬಳು ಆಗಲೇ ಅಂಗಡಿಗೆ ಹೋಗಿ ರೆಡಿಮೇಡ್ ಜ್ವಾಲಾಮುಖಿ ತಂದಿಟ್ಟುಕೊಂಡಿದ್ದಾಳೆ. ಸೋಡಾ ಪುಡಿ ಹಾಕಿದರೆ ಉಕ್ಕುತ್ತದೆ. ಸಂಶೋಧನೆ ಮುಗಿಯಿತು.

ನನ್ನ ಬೇಡಿಕೆ ಏನೆಂದರೆ, ನಿನ್ನ ನಲ್ಲಿ ಪುಸ್ತಕ ಕಳಿಸಿಕೊಡು. ಶಾಲೆಯ ಹಿತ್ತಲಲ್ಲಿ ಸೋರುತ್ತಿದ್ದ ನಲ್ಲಿಯ ನೀರನ್ನು ನಾವೆಲ್ಲ ಅಳೆದು ಬರೆದೆವಲ್ಲ, ಮೊದಲ ಬಹುಮಾನ ಬಂತಲ್ಲ, ಅದೇ ಪುಸ್ತಕ. ನನ್ನ ಮಕ್ಕಳಿಂದ ಅದನ್ನು ನೋಡಿ ಬರೆಸಿಬಿಡುತ್ತೇನೆ. ಮೇ ತಿಂಗಳ ತರಬೇತಿಯಲ್ಲೂ ನಿನ್ನ ನಲ್ಲಿಯ ಕಥೆ ಹೇಳಿದರು, ಗೊತ್ತಾ? ಎಲ್ಲ ಮಕ್ಕಳೂ ಸರಿಯಾಗಿ ಅಳೆದರಂತೆ, ಒಂದು ಮಗು ಮಾತ್ರ ಎರಡರಷ್ಟು ಬರೆದುಕೊಂಡು ಬಂತಂತೆ, ಟೀಚರ್ ಗದರದೆ ನಗುತ್ತಲೇ ತಿದ್ದಿದರಂತೆ. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಆ ಮಗು ನಾನೇ ಎಂದು ಯಾರಿಗೂ ಹೇಳಲಿಲ್ಲ.

ನನಗೂ ಅಳತೆಗೂ ಆಗಿಬರುವುದಿಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪನ ಗೆಳೆಯರ ಇನ್ಶೂರೆನ್ಸ್ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇದೆ, ಡಿಸೆಂಬರ್‌ವರೆಗೆ ಕಾಯುತ್ತಾರಂತೆ. ಈ ಸಂಶೋಧನೆ ನನ್ನ ಕೈಯಲ್ಲಿ ಆಗದಿದ್ದರೆ ಅಲ್ಲಿಗೆ ಹೋಗಿಬಿಡುತ್ತೇನೆ. ಬೇಗ ಕಳಿಸು.

ಗಂಟಲು ಕಳೆದುಕೊಂಡ,
ನಿನ್ನ ಯಾಕಮ್ಮ


ಜೂನ್ ೨೩

ಯಾಕಮ್ಮ,

ಆಶೀರ್ವಾದ ಕಾಗದದ ಕೊನೆಯಲ್ಲಿದೆ, ಮೊದಲು ಬೈಗುಳ. ಬೇರೆ ಮಕ್ಕಳು ಅಳೆದದ್ದನ್ನು ನಿನ್ನ ಮಕ್ಕಳು ನೋಡಿ ಬರೆದರೆ ಅದಕ್ಕೆ ಕಾಪಿ ಬರೆಯುವುದು ಎನ್ನುತ್ತಾರೆ, ಸಂಶೋಧನೆ ಅನ್ನುವುದಿಲ್ಲ. ಜ್ವಾಲಾಮುಖಿಯವಳಿಗೂ ಹೇಳು.

ಪುಸ್ತಕ ಟ್ರಂಕಿನಲ್ಲಿದೆ, ಟ್ರಂಕು ಅಟ್ಟದ ಮೇಲಿದೆ, ನನ್ನ ಮೊಣಕಾಲು ನೆಲದ ಮೇಲಿದೆ. ಸದ್ಯಕ್ಕೆ ಮೂರೂ ಒಂದು ಕಡೆ ಸೇರುವ ಹಾಗಿಲ್ಲ.

ನಿನಗೆ ಬೇಕಾದದ್ದು ಪುಸ್ತಕವಲ್ಲ. ನಾನು ಹೇಳಿದಷ್ಟು ಮಾಡು. ಒಂದು ಸಣ್ಣ ನೋಟ್‌ಬುಕ್ ಕೈಯಲ್ಲಿಟ್ಟುಕೋ. ಒಂದು ವಾರ, ಮಕ್ಕಳು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೋ, ಎಂಥದ್ದೇ ಇರಲಿ. ಆದರೆ ಉತ್ತರ ಹೇಳಬೇಡ. ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡಿರು. ನಲವತ್ತು ವರ್ಷ ಪಾಠ ಮಾಡಿದವಳು ಹೇಳುತ್ತಿದ್ದೇನೆ, ಟೀಚರಾದವಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ವಾರದ ಕೊನೆಗೆ ಪಟ್ಟಿಯನ್ನು ಅವರೆದುರೇ ಓದಿ, ಯಾವುದನ್ನು ಹುಡುಕೋಣ ಎಂದು ಕೇಳು. ಆಮೇಲೆ ನಿನ್ನ ಗಂಟಲಿಗೆ ಕೆಲಸವೇ ಇರುವುದಿಲ್ಲ.

ಪ್ರಶ್ನೆ ಕೇಳುವುದು ಹೇಗೆಂದು ನಿನಗೆ ಯಾರಾದರೂ ಹೇಳಿಕೊಡಬೇಕೆ? ಯಾಕಮ್ಮ ಎಂಬ ಹೆಸರು ಪುಕ್ಕಟೆ ಬಂತೇ? ನಿನ್ನಮ್ಮನಿಗೆ ಬೆನ್ನಿನ ಆಪರೇಷನ್ ಆಗಿ, ನಿನ್ನಪ್ಪ ಆಸ್ಪತ್ರೆಗೂ ಆಫೀಸಿಗೂ ಓಡಾಡುತ್ತಿದ್ದ ವರ್ಷ ನಿನ್ನನ್ನು ನನ್ನ ಹತ್ತಿರ ಬಿಟ್ಟರಲ್ಲ, ಒಂಬತ್ತು ವರ್ಷದವಳು ನೀನು. ಸೈಕಲ್ಲಿನ ಕ್ಯಾರಿಯರ್ ಚುಚ್ಚುತ್ತದೆಂದು ಹೊಲಿಗೆ ಟೀಚರ್ ನಿನಗೊಂದು ಹೂವಿನ ದಿಂಬು ಹೊಲಿದುಕೊಟ್ಟಿದ್ದರು. ಅದರ ಮೇಲೆ ಕೂತು, ನನ್ನ ಸೊಂಟ ಹಿಡಿದು, ದಾರಿಯುದ್ದಕ್ಕೂ ಶುರು. ಈ ಕಂಬಕ್ಕೂ ಆ ಕಂಬಕ್ಕೂ ಯಾಕೆ ಇಷ್ಟು ದೂರ? ಸೈಕಲ್ ನಿಂತರೆ ಬೀಳತ್ತೆ, ಓಡಿದ್ರೆ ಯಾಕೆ ಬೀಳಲ್ಲ? ನಿನ್ನ ಬೆನ್ನು ಯಾಕೆ ಒದ್ದೆ? ಏರಿನಲ್ಲಿ ನನಗೆ ಉಸಿರೇ ಇರುತ್ತಿರಲಿಲ್ಲ, ಉತ್ತರ ಎಲ್ಲಿಂದ ತರಲಿ?

ನಮ್ಮ ಗೇಟಿನ ಕಾನೂನು ನೆನಪಿದೆಯಾ? ಗೇಟಿನ ಹೊರಗೆ "ಅತ್ತೆ, ನೀನು". ಗೇಟಿನ ಒಳಗೆ "ಟೀಚರ್, ನೀವು". ಉಳಿದ ಮಕ್ಕಳಿಗೆ ಭೇದ ಅನ್ನಿಸಬಾರದೆಂದು ನಾನೇ ಮಾಡಿದ ಕಾನೂನು. ನೀನು ಗೇಟಿನ ಹತ್ತಿರ ಸೈಕಲ್ಲಿನಿಂದ ಇಳಿದು, ಒಂದು ಹೆಜ್ಜೆ ಒಳಗಿಟ್ಟು, ತಿರುಗಿ "ನಮಸ್ತೆ ಟೀಚರ್" ಎನ್ನುತ್ತಿದ್ದೆ, ಆಗ ತಾನೇ ನನ್ನನ್ನು ಕಂಡವಳಂತೆ. ಇಡೀ ವರ್ಷದಲ್ಲಿ ತಪ್ಪಿದ್ದು ಒಂದೇ ಸಲ. ನಾನು ಗುಣಾಕಾರ ಹೇಳಿಕೊಡುತ್ತಿದ್ದಾಗ ಎದ್ದು ನಿಂತು "ಅತ್ತೆ, ಮೂಗಿಗೆ ಸೀಮೆಸುಣ್ಣ ಆಗಿದೆ, ಒರೆಸ್ಕೋ" ಅಂದೆ. ಈಗಲೂ ನೆನೆಸಿಕೊಂಡು ನಗುತ್ತೇನೆ. ಆ ದಿನಗಳು ಮತ್ತೆ ಬರುವುದಿಲ್ಲ, ಬಂದರೂ ಆ ಏರಿನಲ್ಲಿ ಸೈಕಲ್ ತುಳಿಯಲು ನಾನೀಗ ತಯಾರಿಲ್ಲ.

ತರಬೇತಿಯಲ್ಲಿ ಆ ಕಥೆಗೆ ನೀನೂ ನಕ್ಕೆ ಎಂದು ಬರೆದಿದ್ದೀಯ. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಇನ್ಶೂರೆನ್ಸ್ ಕುರ್ಚಿ ಖಾಲಿಯೇ ಇರಲಿ.

ಮೊಣಕಾಲೆರಡನ್ನು ಬಿಟ್ಟು ಉಳಿದಂತೆ ಚೆನ್ನಾಗಿರುವ,
ಅತ್ತೆ
(ಆಶೀರ್ವಾದ)


ಜುಲೈ ೧೯

ಅತ್ತೆಗೆ,

ಒಂದೇ ವಾರದಲ್ಲಿ ನೂರ ಹನ್ನೊಂದು ಪ್ರಶ್ನೆ! ಅದರಲ್ಲಿ ಐವತ್ತೆರಡು "ಟೀಚರ್, ಹೊರಗೆ ಹೋಗ್ಲಾ?" ಎಂಬುದು. ಅದಕ್ಕೂ ಉತ್ತರ ಹೇಳದೆ ಸುಮ್ಮನಿದ್ದೆ. ಒಂದು ಮಗುವಿನ ವಿಷಯದಲ್ಲಿ ಅದು ದೊಡ್ಡ ತಪ್ಪಾಯಿತು, ನೆಲ ಒರೆಸಬೇಕಾಯಿತು. ನಿನ್ನ ವಿಧಾನದಲ್ಲಿ ಈ ತಿದ್ದುಪಡಿ ಸೇರಿಸಿಕೋ.

ಉಳಿದವು ಕೇಳು. ಡಸ್ಟರ್‌ನಲ್ಲಿ ಒರೆಸಿದ ಅಕ್ಷರ ಎಲ್ಲಿಗೆ ಹೋಗತ್ತೆ? ಟೀಚರಿಗೆ ಟೀಚರ್ ಯಾರು? ಕೊನೇ ಪೀರಿಯಡ್ ಯಾಕೆ ಅಷ್ಟು ಉದ್ದ? ಕೆಳಗಡೆ ಮೂರನೇ ಕ್ಲಾಸಲ್ಲಿ ಸೆಕೆ ಇಲ್ಲ, ನಮ್ಮ ಕ್ಲಾಸಲ್ಲೇ ಯಾಕೆ? ಪಟ್ಟಿ ಓದಿದಾಗ ಈ ಸೆಕೆಯ ಪ್ರಶ್ನೆಗೆ ಮೂವತ್ತೊಂದು ಕೈ ಎದ್ದವು. ಮಕ್ಕಳ ಮುಖ ನೋಡಬೇಕಿತ್ತು ನೀನು. ತಾವು ಕೇಳಿದ್ದನ್ನು ಟೀಚರ್ ಬರೆದುಕೊಂಡಿದ್ದಾರೆ ಎನ್ನುವುದನ್ನೇ ಅವರಿಗೆ ನಂಬಲಾಗಲಿಲ್ಲ.

ಸ್ಟೋರ್ ರೂಮಿನಲ್ಲಿ ಧೂಳು ಹಿಡಿದ ಏಳು ಥರ್ಮಾಮೀಟರ್ ಸಿಕ್ಕವು. ಒಂದು ಮೂರನೇ ಕ್ಲಾಸಿಗೆ. ಆರನ್ನು ನಮ್ಮ ಕ್ಲಾಸಿನ ಆರು ಬೆಂಚುಗಳಿಗೆ ದಾರದಲ್ಲಿ ಕಟ್ಟಿದೆವು. ದಿನಕ್ಕೆ ಮೂರು ಸಲ, ಗಂಟೆ ಹೊಡೆದ ತಕ್ಷಣ, ಬೆಂಚಿಗೊಬ್ಬರು ನೋಡಿ ಬರೆಯುತ್ತಾರೆ. ಹತ್ತು ದಿನದಿಂದ ಯಾರೂ ತಡವಾಗಿ ಬರುತ್ತಿಲ್ಲ. ನನ್ನ ಗಂಟಲೂ ವಾಪಸ್ ಬಂದಿದೆ.

ಒಂದೇ ಒಂದು ತೊಡಕು. ಕಡೇ ಬೆಂಚಿನಲ್ಲಿ ಒಬ್ಬಳಿದ್ದಾಳೆ. ಬೋರ್ಡಿನ ಮೇಲಿನದನ್ನು ಇಳಿಸಿಕೊಳ್ಳುವುದರಲ್ಲಿ ಬಹಳ ನಿಧಾನ, ಪಕ್ಕದವಳ ಪುಸ್ತಕ ನೋಡಿಯೇ ಬರೆಯುತ್ತಾಳೆ. ಮಕ್ಕಳು ಬಸವನಹುಳು ಅನ್ನುತ್ತಾರೆ. ಎಲ್ಲರದೂ ಇಪ್ಪತ್ತೊಂಬತ್ತು, ಮೂವತ್ತು ಬಂದರೆ ಇವಳದು ಪ್ರತಿ ಸಲ ಮೂವತ್ತಮೂರು. ಥರ್ಮಾಮೀಟರಿನ ತುದಿಯ ಪಾದರಸದ ಬುರುಡೆಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾಳೇನೋ ಅಂದುಕೊಂಡೆ, ಹಿಡಿಯಲ್ಲ ಅಂದಳು. ಎರಡು ದಿನ ನೋಡಿದೆ. ಆಮೇಲೆ ಅವಳ ಸಾಲಿನ ಮೇಲೆ ಕೆಂಪು ಗೆರೆ ಎಳೆದು "ಸರಿಯಾಗಿ ನೋಡಿ ಬರಿ" ಎಂದೆ. ಗದರಲಿಲ್ಲ ಅತ್ತೆ, ನಿನ್ನ ಹಾಗೆಯೇ ನಗುತ್ತ ಹೇಳಿದೆ. ಉಳಿದವರು ನಕ್ಕರು. ಅವಳು ಅಳಲಿಲ್ಲ, ಏನೂ ಇಲ್ಲ, ಪುಸ್ತಕ ಮುಚ್ಚಿಟ್ಟು ಕೂತಳು. ಈಗ ಗ್ರಾಫ್ ಚೆಂದ ಬರುತ್ತಿದೆ.

ಇದೆಲ್ಲ ನನಗೂ ಬರುತ್ತದೇನೋ ಅಂತ ಮೊದಲ ಸಲ ಅನ್ನಿಸುತ್ತಿದೆ. ನೀನು ಹೇಳಿಕೊಟ್ಟದ್ದೇ ತಾನೇ ಎಲ್ಲ.

ಕೈಗೆಲ್ಲ ಗ್ರಾಫಿನ ಶಾಯಿ ಮೆತ್ತಿಕೊಂಡ,
ಯಾಕಮ್ಮ


ಜುಲೈ ೨೬

ನನ್ನ ಯಾಕಮ್ಮನಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೂರು ಪುಟ ಓದುವಾಗ ಹಿಗ್ಗಿದೆ. ಕೆಂಪು ಗೆರೆಯ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಹೊಲಿಗೆ ಟೀಚರ್ "ಏನಾಯ್ತು? ಮುಖ ಯಾಕೆ ಹಾಗಾಯ್ತು?" ಎಂದರು. ಹೇಳಿದೆ. "ಇವತ್ತಾದರೂ ಬರೆದು ಹಾಕು, ಇಲ್ಲಾಂದ್ರೆ ನಾನೇ ಬರೀತೀನಿ" ಎಂದರು. ಅವರೊಬ್ಬರಿಗೇ ಇದು ಗೊತ್ತು.

ಆ ನಲ್ಲಿಯ ಕೆಳಗೆ ನೀವು ಎಂಟು ಮಕ್ಕಳು ಸರದಿಯಲ್ಲಿ ಅಳತೆ ಲೋಟ ಹಿಡಿದಿರಿ, ಹತ್ತು ಹತ್ತು ನಿಮಿಷ. ಏಳು ಜನರದೂ ನೂರ ಹತ್ತು, ನೂರ ಹದಿನೈದು ಮಿಲಿ. ನಿನ್ನದು ಇನ್ನೂರ ಮೂವತ್ತು. ನಾನು ಎಲ್ಲರೆದುರು ನಿನ್ನ ಅಂಕಿಯ ಮೇಲೆ ಕೆಂಪು ಗೆರೆ ಎಳೆದು "ಸರಿಯಾಗಿ ಅಳೆ" ಎಂದೆ. ನಗುತ್ತಲೇ ಎಂದೆ. ಆಮೇಲೆ ನೀನು ಅಳೆಯಲಿಲ್ಲ, ಪಕ್ಕದವನ ಅಂಕಿ ನೋಡಿ ನೂರ ಹದಿನೈದು ಎಂದು ಬರೆದೆ. ನಾನು ಅದನ್ನು ಕಂಡೂ ಸರಿ ಗುರುತು ಹಾಕಿದೆ. ಬಹುಮಾನ ಬಂತು, ಚಾರ್ಟು ಆಫೀಸ್ ರೂಮಿನ ಗೋಡೆ ಏರಿತು.

ಎರಡು ವಾರದ ಮೇಲೆ ನಲ್ಲಿ ರಿಪೇರಿಯವನು ಬಂದ. ವಾಷರ್ ಬಿಚ್ಚುತ್ತಾ ಹೇಳಿದ: "ಟೀಚರಮ್ಮ, ಬೆಳಿಗ್ಗೆ ಪಂಪ್ ಓಡೋವಾಗ ಇದು ಡಬಲ್ ಸೋರತ್ತೆ. ಪಂಪ್ ನಿಂತ ಮೇಲೆ ಕಮ್ಮಿ ಆಗತ್ತೆ."

ಬೆಳಿಗ್ಗೆ ಪಂಪ್ ಓಡುವ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದ ಮಗು ಒಂದೇ. ನನ್ನ ಸೈಕಲ್ಲಿನಲ್ಲಿ ಬರುತ್ತಿದ್ದ ಮಗು. ನಾನು ಹಾಜರಿ ಪುಸ್ತಕ ತೆಗೆಯುವಷ್ಟರಲ್ಲಿ ನೀನು ಲೋಟ ಹಿಡಿದು ಹಿತ್ತಲಿಗೆ ಓಡಿರುತ್ತಿದ್ದೆ. ನೀನು ಅಳೆದದ್ದು ಸರಿಯಾಗಿತ್ತು. ಎಂಟು ಜನರಲ್ಲಿ ನಿಜವಾದ ಸಂಶೋಧನೆ ಮಾಡಿದವಳು ನೀನೊಬ್ಬಳೇ. ಉಳಿದವರೆಲ್ಲ ಅಳೆದದ್ದು ಮಧ್ಯಾಹ್ನದ ನಲ್ಲಿಯನ್ನು.

ಆಗಲೇ ತರಗತಿಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಹೊಸ ಟೀಚರುಗಳಿಗೆ ಹುರುಪು ತುಂಬಲು ನನ್ನನ್ನು ಕರೆಯತೊಡಗಿದರು. ಹನ್ನೊಂದು ವರ್ಷ ಊರೂರು ಸುತ್ತಿ ನಲ್ಲಿಯ ಕಥೆ ಹೇಳಿದೆ. ಜನ ನಗಲೆಂದು ತಪ್ಪು ಅಳೆದ ಮಗುವಿನ ಮಾತು ಸೇರಿಸುತ್ತಿದ್ದೆ. ಪ್ರತಿ ಸಲವೂ ನಗುತ್ತಿದ್ದರು. ಈಗ ನನ್ನ ಕಥೆಯನ್ನು ಬೇರೆಯವರು ಹೇಳುತ್ತಿದ್ದಾರೆ, ಅದಕ್ಕೆ ನೀನೇ ಕೂತು ನಕ್ಕು ಬಂದಿದ್ದೀಯ.

ಇದಕ್ಕಿಂತ ನನ್ನನ್ನು ಹೆಚ್ಚು ಕೊರೆಯುವುದು ಬೇರೆ. ಆ ದಿನ ಸಂಜೆ ನೀನು ಊಟದ ಮೇಜಿನ ಹತ್ತಿರ ಕಾಲು ಆಡಿಸುತ್ತ ಕೂತು ಹೇಳಿದೆ: "ಅತ್ತೆ, ಇವತ್ತು ಟೀಚರ್ ನನ್ನ ಅಳತೆ ಹೊಡೆದು ಹಾಕಿದ್ರು. ನಾನು ಸರಿಯಾಗೇ ಅಳೆದಿದ್ದೆ. ನೀನು ಅವರಿಗೆ ಸ್ವಲ್ಪ ಹೇಳ್ತೀಯಾ?" ಗೇಟಿನ ಕಾನೂನನ್ನು ನೀನು ಅಷ್ಟು ನಂಬಿದ್ದೆ. ನಾನು ಹೇಳಿದ್ದು, "ಟೀಚರ್ ಹೇಳಿದ ಮೇಲೆ ಅದು ಸರಿನೇ ಇರತ್ತೆ. ಊಟ ಮಾಡು."

ಮಾರನೇ ದಿನದಿಂದ ಕ್ಯಾರಿಯರ್ ಮೇಲೆ ಪ್ರಶ್ನೆಗಳು ನಿಂತವು. ಮಗು ಬುದ್ಧಿ ಕಲಿಯಿತು ಎಂದು ನಿನ್ನಮ್ಮನಿಗೆ ಬರೆದೆ. ನನಗೆ ನಾಚಿಕೆಯಾಗುತ್ತಿದೆ.

ನಿನಗೂ ಅಳತೆಗೂ ಆಗಿಬರುವುದಿಲ್ಲ ಎಂಬುದು ಸುಳ್ಳು. ಆ ಸುಳ್ಳು ಹುಟ್ಟಿಸಿದವಳು ನಾನು. ನಿನ್ನ ಕಡೇ ಬೆಂಚಿನವಳ ಮೂವತ್ತಮೂರನ್ನು ಹೊಡೆದು ಹಾಕಬೇಡ. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವಳ ಪಕ್ಕದಲ್ಲಿ ಕೂತು ನೋಡು.

ಅತ್ತೆ


ಸೆಪ್ಟೆಂಬರ್ ೧೨

ಯಾಕಮ್ಮ,

ಒಂದೂವರೆ ತಿಂಗಳಾಯಿತು. ಉತ್ತರ ಬರೆಯಲೇಬೇಕೆಂದು ಏನೂ ಇಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ನಾನು ಬಾಗಿಲ ಹತ್ತಿರ ಸುಳಿದಾಡುತ್ತೇನೆಂದು ಹೊಲಿಗೆ ಟೀಚರ್ ಹೇಳಿದರೆ ನಂಬಬೇಡ.

ಅವರೇ ಕುರ್ಚಿ ಹತ್ತಿ ಟ್ರಂಕು ಇಳಿಸಿದರು, ಬೈದುಕೊಂಡು. ನಲ್ಲಿ ಪುಸ್ತಕವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಹದಿನೇಳನೇ ಪುಟ ನೋಡು. ಕೆಂಪು ಗೆರೆಯನ್ನು ಅಳಿಸಿಲ್ಲ. ಅಳಿಸಿದರೆ ಅದೂ ಒಂದು ಸುಳ್ಳಾಗುತ್ತದೆ. ಅದರ ಕೆಳಗೆ ಇವತ್ತಿನ ತಾರೀಕು ಹಾಕಿ ಒಂದು ಸಾಲು ಬರೆದು ಸಹಿ ಮಾಡಿದ್ದೇನೆ.

ಹೂವಿನ ದಿಂಬೂ ಟ್ರಂಕಿನಲ್ಲೇ ಇತ್ತು. ಅದನ್ನು ಕಳಿಸಿಲ್ಲ. ಅದು ನನಗಿರಲಿ.

ಅತ್ತೆ


ಅಕ್ಟೋಬರ್ ೮

ಟೀಚರ್ ಅವರಿಗೆ,

ಪುಸ್ತಕ ತಲುಪಿತು. ಹದಿನೇಳನೇ ಪುಟ ನೋಡಿದೆ. "ಈ ಅಳತೆ ಸರಿ ಇದೆ. ತಪ್ಪು ನನ್ನದು. ಟೀಚರ್." ನಿಮ್ಮ ಅಕ್ಷರ ಮೊದಲಿನಷ್ಟೇ ದುಂಡಗಿದೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಬರೆದು ಹರಿದು ಹಾಕುತ್ತಿದ್ದೆ. ಅಳತೆ ನನಗೆ ಬರುವುದಿಲ್ಲ ಎಂದೇ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ಬಟ್ಟೆ ಅಳತೆ ಕೊಡುವಾಗಲೂ ಇನ್ನೊಬ್ಬರನ್ನು ಕೇಳುತ್ತೇನೆ. ಒಂದು ಗೆರೆ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಿಮ್ಮ ಜುಲೈ ಕಾಗದ ಓದಿದ ಮಾರನೇ ದಿನ ಹೋಗಿ ಕಡೇ ಬೆಂಚಿನಲ್ಲಿ ಅವಳ ಪಕ್ಕ ಕೂತೆ. "ನಿನ್ನ ಮೂವತ್ತಮೂರು ನಾನು ಹೊಡೆದು ಹಾಕಿದ್ದು ತಪ್ಪಾಯ್ತು. ಹೇಗೆ ನೋಡ್ತೀಯ, ನನಗೂ ತೋರಿಸ್ತೀಯಾ?" ಎಂದೆ. ತರಗತಿಯೆಲ್ಲ ಹಿಂದೆ ತಿರುಗಿ ನೋಡಿತು. ಟೀಚರ್ ತಪ್ಪಾಯ್ತು ಅಂದದ್ದನ್ನು ಅವರು ಯಾರೂ ಕೇಳಿರಲಿಲ್ಲ. ಅವಳು ಪುಸ್ತಕ ತೆಗೆಯಲು ಒಪ್ಪಲಿಲ್ಲ. ನಾಲ್ಕು ದಿನ ಪಕ್ಕದಲ್ಲೇ ಕೂತೆ. ಐದನೇ ದಿನ ತೆಗೆದಳು.

ಆಗ ಮುಂದಿನ ಬೆಂಚಿನ ಚೂಟಿ ಒಬ್ಬಳು ತಿರುಗಿ ನೋಡಿ ಕೂಗಿದಳು: "ಟೀಚರ್, ಅವಳು ಥರ್ಮಾಮೀಟರಿಗೆ ಮುತ್ತು ಕೊಡ್ತಿದಾಳೆ!"

ನಿಜ. ಮೂಗು ತಾಗುವಷ್ಟು ಹತ್ತಿರ ಮುಖ ಇಟ್ಟು, ಬಾಯಿ ತೆರೆದು, ಒಂದೊಂದೇ ಗೆರೆ ಎಣಿಸುತ್ತಾಳೆ. ಉಸಿರು ನೇರ ಬುರುಡೆಗೆ ಹೋಗುತ್ತದೆ. ಪಾದರಸ ಏರುತ್ತದೆ. ಅವಳು ಏರಿದ್ದನ್ನು ಸರಿಯಾಗಿಯೇ ಬರೆಯುತ್ತಿದ್ದಳು. ಅಷ್ಟು ಹತ್ತಿರ ಯಾಕೆ ಇಟ್ಕೊಳ್ತೀಯಾ ಎಂದು ಕೇಳಿದೆ. "ದೂರ ಇಟ್ರೆ ಗೆರೆ ಎಲ್ಲ ಸೇರ್ಕೊಂಡ್ಬಿಡತ್ತೆ ಟೀಚರ್" ಎಂದಳು. ಎಲ್ಲರಿಗೂ ಹಾಗೇ ಕಾಣುತ್ತದೆಂದು ಅವಳು ಅಂದುಕೊಂಡಿದ್ದಳು. ಅವಳ ತಾಯಿಯನ್ನು ಕರೆಸಿದೆ, ಕಣ್ಣಿನ ಡಾಕ್ಟರಿಗೆ ತೋರಿಸಿದರು. ಈಗ ಕನ್ನಡಕ ಬಂದಿದೆ. ಬೋರ್ಡನ್ನು ಮೊದಲ ಸಲ ಕಂಡ ದಿನ "ಟೀಚರ್, ನೀವು ಇಷ್ಟೆಲ್ಲ ಬರೀತಿದ್ರಾ?" ಎಂದಳು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಗ್ರಾಫ್ ಚೆಂದ ಬಂತೆಂದು ಬಿಟ್ಟಿದ್ದರೆ ಅವಳು ಇನ್ನೆಷ್ಟು ವರ್ಷ ಬಸವನಹುಳುವಾಗಿ ಕೂತಿರುತ್ತಿದ್ದಳೋ.

ಇನ್ಶೂರೆನ್ಸ್‌ನವರಿಗೆ ಬರುವುದಿಲ್ಲ ಎಂದು ತಿಳಿಸಿದ್ದೇನೆ.

ಈಗ ನಮ್ಮ ವಿಷಯ. ಟೀಚರುಗಳು ತಪ್ಪು ಮಾಡುತ್ತಾರೆ, ನಾನೂ ಅದೇ ತಪ್ಪು ಮಾಡಿದೆ, ಅದೇ ಕೆಂಪು ಶಾಯಿಯಲ್ಲಿ. ಆದ್ದರಿಂದ ಟೀಚರನ್ನು ನಾನು ಕ್ಷಮಿಸಿದ್ದೇನೆ. ಆದರೆ ಆ ಸಂಜೆ ಊಟದ ಮೇಜಿನಲ್ಲಿ ನಾನು ದೂರು ಹೇಳಿಕೊಂಡದ್ದು ಅತ್ತೆಯ ಹತ್ತಿರ. ಅವಳು ನನ್ನ ಪಕ್ಷ ಅಂದುಕೊಂಡಿದ್ದೆ. ಅವಳ ಮೇಲಿನ ಕೋಪ ಇನ್ನೂ ಇಳಿದಿಲ್ಲ, ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ಅದಕ್ಕೇ ಈ ಕಾಗದವನ್ನು ಟೀಚರಿಗೆ ಬರೆಯುತ್ತಿದ್ದೇನೆ.

ನವೆಂಬರ್ ಇಪ್ಪತ್ತೆರಡಕ್ಕೆ ಪ್ರದರ್ಶನ. ಬೆಳಿಗ್ಗೆ ಹೊಸ ಟೀಚರುಗಳಿಗೆ ಯಾರಾದರೂ ಹಿರಿಯರು ಮಾತಾಡಬೇಕು ಎಂದರು ಹೆಡ್ ಮೇಡಂ. ನಾನು ನಿಮ್ಮ ಹೆಸರು ಹೇಳಿದೆ. ಬನ್ನಿ. ನಲ್ಲಿಯ ಕಥೆ ಹೇಳಿ. ಈ ಸಲ ಪೂರ್ತಿ ಹೇಳಿ.

ನಿಮ್ಮ ಹಳೆಯ ವಿದ್ಯಾರ್ಥಿನಿ


ನವೆಂಬರ್ ೨೫

ನನ್ನ ಯಾಕಮ್ಮನಿಗೆ,

ಕ್ಷೇಮವಾಗಿ ಮನೆ ಸೇರಿದೆ. ಮೊಣಕಾಲು ಮುಷ್ಕರ ಹೂಡಿದೆ, ಹೊಲಿಗೆ ಟೀಚರ್ ಬಿಸಿನೀರಿನ ಚೀಲ ಇಟ್ಟು ಬೈಯುತ್ತಿದ್ದಾರೆ. "ಎಂಟು ತಾಸು ಬಸ್ಸಲ್ಲಿ ಕೂತು ಮಾನ ಕಳ್ಕೊಳ್ಳೋಕೆ ಹೋಗಿದ್ದೆ" ಎಂದೆ. "ಇಪ್ಪತ್ತು ವರ್ಷ ಲೇಟಾಗಿ ಹೋಗಿದೀಯ" ಎಂದರು.

ಹೇಳದೆ ಬಂದ ಎರಡು ಮಾತಿವೆ.

ನಿನ್ನ ಶಾಲೆಯ ಗೇಟಿನ ಹೊರಗೆ ಬಂದು ನಿಂತೆ. ನೀನು ಒಳಗೆ ನಿಂತಿದ್ದೆ, ಕೈಯಲ್ಲಿ ಹಾಜರಿ ಪುಸ್ತಕ, ಮೂಗಿನ ಮೇಲೆ ಸೀಮೆಸುಣ್ಣ. ಒರೆಸಿಕೋ ಎನ್ನಲು ಬಾಯಿ ತೆರೆದೆ. ಆದರೆ ಅದು ನಿನ್ನ ಗೇಟು. ಒಂದು ಹೆಜ್ಜೆ ಒಳಗಿಟ್ಟು "ನಮಸ್ತೆ ಟೀಚರ್" ಎಂದೆ. ನೀನು ನಗಲಿಲ್ಲ. "ಬನ್ನಿ ಟೀಚರ್" ಎಂದು ಮುಂದೆ ನಡೆದೆ.

ನಲವತ್ತು ಜನ ಹೊಸ ಟೀಚರುಗಳು. ಎಲ್ಲ ಎಳೆಯ ಮುಖಗಳು. ಜ್ವಾಲಾಮುಖಿಯವಳು ಮುಂದಿನ ಸಾಲಿನಲ್ಲಿದ್ದಳು. ಈ ಕಥೆಯನ್ನು ನೂರು ಸಲ ಹೇಳಿದ್ದೇನೆ, ಆದರೆ ಮೊನ್ನೆ ಮೊದಲ ಸಲ ಹೇಳುತ್ತಿರುವ ಹಾಗೆ ಅನ್ನಿಸಿತು. ಒಂದು ಮಗು ಎರಡರಷ್ಟು ಬರೆದುಕೊಂಡು ಬಂತು ಎಂದಾಗ ಎಂದಿನಂತೆ ನಕ್ಕರು. ಆಮೇಲೆ ನಲ್ಲಿ ರಿಪೇರಿಯವನು ಹೇಳಿದ್ದನ್ನು ಹೇಳಿದೆ. ನಗು ನಿಂತಿತು. ಊಟದ ಮೇಜಿನ ಮಾತನ್ನೂ ಹೇಳಿದೆ. "ನಿಮ್ಮ ತರಗತಿಯಲ್ಲಿ ಎಲ್ಲರಿಗಿಂತ ಬೇರೆ ಉತ್ತರ ತರುವ ಮಗು ಇದ್ದೇ ಇರುತ್ತದೆ. ಕೆಂಪು ಪೆನ್ನು ತೆಗೆಯುವ ಮುಂಚೆ ಅದರ ಪಕ್ಕ ಹೋಗಿ ಕೂತುಕೊಳ್ಳಿ. ನಾನು ಕೂರಲಿಲ್ಲ" ಎಂದೆ. ಹೊಸ ಟೀಚರುಗಳಿಗೆ ಹುರುಪು ತುಂಬಲು ಇಷ್ಟು ವರ್ಷ ಏನೇನೋ ಹೇಳಿದೆ. ಹೇಳಬೇಕಾದದ್ದು ಇದೊಂದೇ ಆಗಿತ್ತು.

ಏನಾದರೂ ಕೇಳುವುದಿದೆಯಾ ಎಂದಾಗ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಆನಿಸಿಕೊಂಡು, ನಾಲ್ಕನೇ ತರಗತಿಯಲ್ಲಿ ಎತ್ತುತ್ತಿ​ದ್ದ ಹಾಗೆಯೇ. ನೀನು ಎದ್ದು ನಿಂತು "ಟೀಚರ್, ಯಾಕೆ ಆಗಲೇ ಹೇಳಲಿಲ್ಲ?" ಎಂದು ಕೇಳಿದೆ.

ನಾನು "ಒಳ್ಳೆ ಪ್ರಶ್ನೆ" ಎಂದೆ. ಉತ್ತರ ಹೇಳಲಾಗದ ಟೀಚರುಗಳೆಲ್ಲ ಹಾಗೆಯೇ ಅನ್ನುತ್ತಾರೆ. ಆಮೇಲೆ ಹೆಡ್ ಮೇಡಂ ಚಹಾಕ್ಕೆ ಕರೆದು ನನ್ನನ್ನು ಉಳಿಸಿದರು. ಉತ್ತರ ಈಗ ಬರೆಯುತ್ತಿದ್ದೇನೆ. ಹೆದರಿಕೆ, ಯಾಕಮ್ಮ. ಮೊದಲು ಬಹುಮಾನ ಹೋಗುತ್ತದೆಂಬ ಹೆದರಿಕೆ. ಆಮೇಲೆ ಒಂಬತ್ತು ವರ್ಷದ ಮಗುವಿನ ಮುಂದೆ ತಪ್ಪಾಯ್ತು ಎಂದರೆ ನನ್ನೊಳಗಿನ ಟೀಚರ್ ಉಳಿಯುವುದಿಲ್ಲವೆಂಬ ಹೆದರಿಕೆ. ನೀನು ಮೂವತ್ತೆಂಟು ಮಕ್ಕಳೆದುರು ಹೇಳಿದೆ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ನನಗೆ ಈಗ ತಿಳಿಯಿತು.

ನಿನ್ನ ತರಗತಿಯ ಚಾರ್ಟು ನೋಡಿದೆ. ಮೂವತ್ತಮೂರರ ಹತ್ತಿರ ಒಂದು ಬಾಣ ಹಾಕಿ "ಇದು ಉಸಿರು" ಎಂದು ಬರೆದಿದ್ದೀರಿ. ಕನ್ನಡಕದ ಹುಡುಗಿ ಕೋಲು ಹಿಡಿದು ಬಂದವರಿಗೆಲ್ಲ ವಿವರಿಸುತ್ತಿದ್ದಳು. "ಇದು ನನ್ನದೇ ಉಸಿರು" ಎಂದು ನನಗೆ ಎರಡು ಸಲ ಹೇಳಿದಳು. ಸೆಕೆಗೆ ಕಾರಣ ತಲೆಯ ಮೇಲಿನ ತಗಡಿನ ಮಾಡು ಅಂತೆ, ಕಿಟಕಿಗೆ ಇನ್ನೊಂದು ಬಾಗಿಲೂ ಬೇಕಂತೆ. ಹೆಡ್ ಮೇಡಂ ಕಿವಿಗೆ ಬೀಳಲಿ ಎಂದು ಅದನ್ನು ಜೋರಾಗಿ ಹೇಳಿದಳು.

ಎರಡನೆಯ ಮಾತು. ಸಂಜೆ ನೀನು ನನ್ನ ಚೀಲ ಹಿಡಿದು ಗೇಟಿನವರೆಗೆ ಬಂದೆ. ಅಷ್ಟು ಹೊತ್ತೂ "ಬನ್ನಿ ಟೀಚರ್, ಕೂತ್ಕೊಳ್ಳಿ ಟೀಚರ್" ಎಂದೇ ಇದ್ದೆ. ಅತ್ತೆ ಅನ್ನು ಎಂದು ಕೇಳುವ ಹಕ್ಕು ನನಗಿರಲಿಲ್ಲ. ಗೇಟು ದಾಟಿದೆವು. ಹೊರಗೆ ರಸ್ತೆಗೆ ಇಳಿಯಲು ಒಂದು ಮೆಟ್ಟಿಲಿದೆಯಲ್ಲ, ನಾನು ಬಸ್ಸಿನ ಕಡೆ ನೋಡುತ್ತಾ ಕಾಲಿಡಲು ಹೋದೆ. ನೀನು ನನ್ನ ತೋಳು ಹಿಡಿದುಕೊಂಡೆ.

"ಅತ್ತೆ, ಮೆಟ್ಟಿಲಿದೆ. ನೋಡ್ಕೊಂಡು ಇಳಿ" ಎಂದೆ.

ನೀನು ಅದನ್ನು ಯೋಚಿಸಿ ಹೇಳಿದೆಯೋ, ಬಾಯಿತಪ್ಪಿ ಬಂತೋ ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ನಾನು ನೋಡಿಕೊಂಡೇ ಇಳಿದೆ.

ಅತ್ತೆ